ಅವ್ವ ಬಂದರೂ ಮುಲಾಖಾತ್‌ಗೆ ಹೋಗಲ್ಲ ಅಂದವನು

ಹೆಸರು, ಕೇಸಿನ ವಿವರ ಎಲ್ಲ ಬದಲಾಯಿಸಿದ್ದೇನೆ. ರಾಜು ಅಂತ ಇಟ್ಟುಕೊಳ್ಳೋಣ. ತೀರ್ಥಹಳ್ಳಿ ಕಡೆಯ ಕೊನೆಗಾರ, ಅಂದರೆ ಮರ ಹತ್ತಿ ಅಡಿಕೆ ಗೊನೆ ಇಳಿಸುವವನು. ಬೇಲಿ ಜಗಳದಲ್ಲಿ ದಾಯಾದಿ ಮೇಲೆ ಕತ್ತಿ ಬೀಸಿದ ಆರೋಪ, ಶಿವಮೊಗ್ಗದ ಸೋಗಾನೆ ಜೈಲಿನಲ್ಲಿ ವಿಚಾರಣಾಧೀನ ಕೈದಿ. ನಿದ್ದೆ ಇಲ್ಲ, ಊಟ ಅರ್ಧಕ್ಕೇ ಬಿಡುತ್ತಾನೆ, ಅವ್ವ ಬಂದರೆ ಮುಲಾಖಾತ್‌ಗೆ (ಮನೆಯವರ ಭೇಟಿಗೆ) ಹೋಗಲ್ಲ ಅಂತ, ಕೈದಿಗಳಿಗೆ ಆಪ್ತಸಮಾಲೋಚನೆ ಮಾಡುವ ನನ್ನ ಹತ್ತಿರ ಕಳಿಸಿದ್ದರು.

ಮೊದಲೇ ಹೇಳಿಬಿಟ್ಟೆ: ಕೇಸಿನ ಬಗ್ಗೆ ನಾನು ಕೇಳಲ್ಲ, ನೀನು ಹೇಳಿದ್ದು ನನ್ನ ಹತ್ತಿರವೇ ಇರುತ್ತೆ, ಆದರೆ ನಿನ್ನ ಜೀವಕ್ಕೋ ಇನ್ನೊಬ್ಬರ ಜೀವಕ್ಕೋ ಅಪಾಯ ಇದ್ದರೆ ಮುಚ್ಚಿಡಲ್ಲ. ಇಷ್ಟು ಹೇಳದೆ ಶುರು ಮಾಡಿದರೆ ನಮ್ಮನ್ನೂ ಪೊಲೀಸರ ಕಡೆಯವರು ಅಂತಲೇ ತಿಳಿಯುತ್ತಾರೆ, ಸಹಜ ಬಿಡಿ.

"ಸಾಯಬೇಕು ಅನ್ನಿಸುತ್ತಾ?" ಅಂತ ನೇರವಾಗಿಯೇ ಕೇಳಿದೆ. ಹಾಗೆ ಕೇಳಿದರೆ ಇಲ್ಲದ ಯೋಚನೆ ತಲೆಗೆ ಹಾಕಿದಂಗೆ ಅಂತ ಜನ ಹೆದರುತ್ತಾರೆ. ಹಾಗೇನಿಲ್ಲ. ಅವನು ಅಡಿಕೆ ಕಲೆ ಮಾಸಿದ ಬೆರಳು ಉಜ್ಜುತ್ತಾ, "ಹಂಗೆಲ್ಲ ಇಲ್ಲ ಮೇಡಂ, ಅವ್ವನ ಮುಖ ನೋಡಕ್ಕಾಗಲ್ಲ ಅಷ್ಟೆ" ಅಂದ. ಆದರೂ ಜೈಲಿನ ಡಾಕ್ಟರಿಗೆ ತೋರಿಸಿದೆವು.

ವಿಷಯ ಇಷ್ಟು. ಅಡಿಕೆ ಕೊನೆ ಕೊಯ್ಲಿಗೆ ಅಂತ ತೋಟದವರ ಹತ್ತಿರ ಮುಂಗಡ ತಗೊಂಡಿದ್ದ, ಆ ಹೊರೆ ಈಗ ಅವ್ವನ ತಲೆ ಮೇಲೆ, ಅವಳು ಬಸ್ಸು ಬದಲಿಸಿಕೊಂಡು ಅಷ್ಟು ದೂರದಿಂದ ಬಂದು "ಯಾಕೋ ಹಿಂಗೆ ಮಾಡ್ದೆ" ಅಂದರೆ ಏನು ಹೇಳೋದು ಅಂತ ರಾತ್ರಿಯೆಲ್ಲ ಅದೇ ಲೆಕ್ಕ.

ನಾನು ಹೇಳಿದ್ದು: ಉತ್ತರ ಕೊಡಬೇಡ. ಕೇಸಿನ ಮಾತು ವಕೀಲರ ಹತ್ತಿರ ಮಾತ್ರ, ಮುಲಾಖಾತ್‌ನಲ್ಲಿ ಅದು ಬೇಡವೇ ಬೇಡ. ಅವ್ವನಿಗೆ ಮುಂಚೆಯೇ ಕಾಗದ ಬರೆದು ಅದನ್ನು ತಿಳಿಸು. ಮುಂಗಡದ್ದು ಏನಾಯ್ತು ಅಂತ ನೀನೇ ಕೇಳು, ಅಷ್ಟು ಸಾಕು. ವಕೀಲರಿಗೆ ದುಡ್ಡಿಲ್ಲ ಅನ್ನೋ ಚಿಂತೆ ಬೇರೆ ಇತ್ತು. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆ ಪ್ರಕಾರ ಬಂಧನದಲ್ಲಿರುವವರಿಗೆ ಆದಾಯ ಎಷ್ಟೇ ಇರಲಿ, ಉಚಿತ ವಕೀಲರು ಸಿಗುತ್ತಾರೆ. ಎಷ್ಟೋ ಮನೆಯವರಿಗೆ ಇದು ಗೊತ್ತೇ ಇರಲ್ಲ, ಸುಮ್ನೆ ಒಡವೆ ಅಡ ಇಡುತ್ತಾರೆ. ಅರ್ಜಿ ಹಾಕಿಸಿದೆವು.

ನಿದ್ದೆ ಬರದಿದ್ದರೆ ಎದ್ದು ಬೇರೆ ಕೋಣೆಗೆ ಹೋಗಿ ಅಂತ ಹೊರಗಿನವರಿಗೆ ಹೇಳುತ್ತೇವೆ. ಬ್ಯಾರಕ್‌ನಲ್ಲಿ ಎಲ್ಲಿಗೆ ಹೋಗೋದು? ಅದಕ್ಕೇ ಹಾಸಿಗೆ ಮೇಲೆ ಎದ್ದು ಕೂರು, ತೂಕಡಿಕೆ ಬಂದಾಗ ಮಲಗು, ಹಗಲು ಮಾತ್ರ ಮಲಗಬೇಡ ಅಂದೆ. ಚಿಂತೆಯನ್ನು ಸಂಜೆ ಬ್ಯಾರಕ್‌ಗೆ ಬೀಗ ಹಾಕೋಕೆ ಮುಂಚೆ ಅರ್ಧ ಗಂಟೆ ಕೂತು ಮಾಡು, ರಾತ್ರಿ ಬಂದರೆ "ನಾಳೆ ಸಂಜೆ" ಅಂತ ತಳ್ಳು. ಇದಕ್ಕೆ ಅವನು ನಕ್ಕ. ಆದರೂ ಮಾಡಿದ.

ಅವ್ವನಿಗೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ನಂಬರ್ ಬರೆದುಕೊಟ್ಟೆ. ಅದು ಫ್ರೀ, ಕನ್ನಡದಲ್ಲೇ ಮಾತಾಡಬಹುದು. ಮನೆಯವರನ್ನು ಯಾರೂ ವಿಚಾರಿಸಲ್ಲ ನೋಡಿ.

ಮುಂದಿನ ಮುಲಾಖಾತ್‌ಗೆ ರಾಜು ಹೋದ. ತೋಟದವರು ಮುಂಗಡಕ್ಕೆ ಮುಂದಿನ ಕೊಯ್ಲಿನವರೆಗೆ ಟೈಮ್ ಕೊಟ್ಟಿದ್ದಾರಂತೆ. ಜಾಮೀನು ಇನ್ನೂ ಆಗಿಲ್ಲ. ನಿದ್ದೆ ಮೊದಲಿಗಿಂತ ಜಾಸ್ತಿ, ಕೋರ್ಟ್ ದಿನ ಹತ್ತಿರ ಬಂದರೆ ಮತ್ತೆ ಕೆಡುತ್ತೆ.