ಅಂಗಿಯ ಗುಂಡಿ ಅವರೇ ಹಾಕಿಕೊಳ್ಳಲಿ

ಸಂಪಾದಕರ ಉತ್ತರ

ಹೆಸರು ಪ್ರಕಟಿಸುವುದು ಬೇಡವೆಂದು ಕೋರಿರುವ ಓದುಗರೊಬ್ಬರ ಪತ್ರದ ಸಾರ: "ಲೆಕ್ಕಪತ್ರ ವಿಭಾಗದಲ್ಲಿ ಹಲವು ವರ್ಷಗಳಿಂದ ಕೆಲಸದಲ್ಲಿದ್ದೇನೆ. ವಯಸ್ಸು ಮೂವತ್ತೈದು ದಾಟಿದೆ. ಇದನ್ನು ಬಿಟ್ಟು ವೃದ್ಧರು, ಅಂಗವಿಕಲರು, ಆಸರೆಯಿಲ್ಲದ ಮಕ್ಕಳು ಇಂಥವರ ನಡುವೆ ದುಡಿಯುವ ಸೇವಾಸಂಸ್ಥೆಯೊಂದಕ್ಕೆ ಸೇರಬೇಕೆಂಬ ಆಸೆ. ನನ್ನ ಲೆಕ್ಕಪತ್ರದ ಅನುಭವ ಅಲ್ಲಿ ವ್ಯರ್ಥವೇ. ಮನೆಯವರು, 'ಸೇವೆ ಮಾಡುವುದಾದರೆ ರಜೆಯ ದಿನ ಮಾಡು, ಅದಕ್ಕೆ ಸಂಬಳ ಪಡೆಯುವುದು ಸರಿಯಲ್ಲ' ಎನ್ನುತ್ತಾರೆ. ಗೆಳತಿಯರು, 'ನಿನ್ನದು ಮೃದು ಮನಸ್ಸು, ಅಲ್ಲಿ ಬಹಳ ದಿನ ತಾಳಲಾರೆ' ಎನ್ನುತ್ತಾರೆ. ಮೃದು ಮನಸ್ಸು ಈ ಕೆಲಸಕ್ಕೆ ಅರ್ಹತೆಯೋ, ಅಡ್ಡಿಯೋ? ತಡವಾಗಿಬಿಟ್ಟಿತೇ? ರಾಜೀನಾಮೆ ಯಾವಾಗ ಕೊಡಲಿ?"

ನಮಸ್ಕಾರ.

ಸಂಬಳದ ಮಾತನ್ನು ಮೊದಲು ಮುಗಿಸಿಬಿಡೋಣ. ತೆಗೆದುಕೊಳ್ಳಿ. ನಡುರಾತ್ರಿ ಹಾಸಿಗೆ ಒದ್ದೆ ಮಾಡಿಕೊಂಡವರಿಗೆ ಮುಜುಗರವಾಗದಂತೆ ಬಟ್ಟೆ ಬದಲಿಸುವುದು, ಎದ್ದು ನಿಲ್ಲಲಾಗದವರನ್ನು ತನ್ನ ಬೆನ್ನೂ ಅವರ ತೋಳೂ ಉಳುಕದ ಹಾಗೆ ಎತ್ತಿ ಕೂರಿಸುವುದು, ಸಿಟ್ಟಿನಲ್ಲಿ ಕುರ್ಚಿ ಎಸೆಯುವ ಹುಡುಗನ ಎದುರು ದನಿ ಏರಿಸದೆ ನಿಲ್ಲುವುದು ಇವೆಲ್ಲ ಕಲಿತು ಮಾಡುವ ಕೆಲಸಗಳು. ಕಲಿತು ಮಾಡುವ ಕೆಲಸಕ್ಕೆ ಕೂಲಿ ಇರಲೇಬೇಕು. ಬಿಟ್ಟಿ ಸೇವೆಗೆ ಇನ್ನೊಂದು ತೊಡಕಿದೆ, ಅದನ್ನು ನಿಮ್ಮ ಮನೆಯವರು ಯೋಚಿಸಿರಲಿಕ್ಕಿಲ್ಲ. ಬಿಟ್ಟಿ ಮಾಡುವವರನ್ನು "ನಿನ್ನೆ ಏಕೆ ಬರಲಿಲ್ಲ?" ಎಂದು ಕೇಳಲು ಯಾರಿಗೂ ಬಾಯಿ ಬರುವುದಿಲ್ಲ. ಸಂಬಳ ಪಡೆಯುವವರ ಮೇಲೆ ದೂರು ಕೊಡಬಹುದು. ಆರೈಕೆ ಪಡೆಯುವವರ ಹಂಗು ಅಷ್ಟರಮಟ್ಟಿಗೆ ಇಳಿಯುತ್ತದೆ.

ಸ್ವಯಂಸೇವಕರನ್ನು ನಾನು ಹಗುರವಾಗಿ ಕಾಣುತ್ತಿಲ್ಲ. 1953ರಲ್ಲಿ ಲಂಡನ್ನಿನಲ್ಲಿ ಚಾಡ್ ವರಾ ಎಂಬ ಪಾದ್ರಿ, ಸಾಯುವ ಯೋಚನೆಯಲ್ಲಿರುವವರು ಕರೆ ಮಾಡಿ ಮಾತಾಡಲೆಂದು ದೂರವಾಣಿ ಸೇವೆಯೊಂದನ್ನು ತೆರೆದರು. ನೇರವಾಗಿ ಬಂದು ಸರದಿಗಾಗಿ ಕಾಯುತ್ತಿದ್ದವರ ಜೊತೆ ಸ್ವಯಂಸೇವಕರು ಸುಮ್ಮನೆ ಕೂತು ಹರಟುತ್ತಿದ್ದರು. ಹಾಗೆ ಮಾತಾಡಿದ ಎಷ್ಟೋ ಜನರಿಗೆ ಪಾದ್ರಿಯನ್ನು ಕಾಣುವ ಅಗತ್ಯವೇ ಬೀಳಲಿಲ್ಲ. ಇದನ್ನು ಗಮನಿಸಿದ ವರಾ ಆಲಿಸುವ ಕೆಲಸವನ್ನೇ ಅವರಿಗೆ ಒಪ್ಪಿಸಿದರು. ಸಮಾರಿಟನ್ಸ್ ಸಂಸ್ಥೆ ಬೆಳೆದದ್ದು ಹೀಗೆ. ಆದರೆ ಅಲ್ಲಿಯೂ ತರಬೇತಿ ಇಲ್ಲದೆ ಯಾರನ್ನೂ ದೂರವಾಣಿಯ ಮುಂದೆ ಕೂರಿಸುವುದಿಲ್ಲ.

ಇನ್ನು ಮೃದು ಮನಸ್ಸು. ನಿಮ್ಮ ಪತ್ರದ ತಿರುಳು ಇದೇ, ಸ್ವಲ್ಪ ನಿಧಾನಿಸಿ ಹೇಳುತ್ತೇನೆ.

ಲೇಖನವೊಂದಕ್ಕಾಗಿ ವೃದ್ಧರ ಆರೈಕೆ ಕೇಂದ್ರವೊಂದರ ಬೆಳಗಿನ ಪಾಳಿಯನ್ನು ಮೂಲೆಯಲ್ಲಿ ಕೂತು ನೋಡುವ ಅವಕಾಶ ನನಗೆ ಒಮ್ಮೆ ಸಿಕ್ಕಿತ್ತು. ಪಾರ್ಶ್ವವಾಯುವಿನಿಂದ ಬಲಗೈ ಸೋತಿದ್ದ ಹಿರಿಯರೊಬ್ಬರು ಮಂಚದ ಅಂಚಿನಲ್ಲಿ ಕೂತು ಅಂಗಿಯ ಗುಂಡಿ ಹಾಕಿಕೊಳ್ಳುತ್ತಿದ್ದರು. ಎಡಗೈಯ ಹೆಬ್ಬೆರಳು ಗುಂಡಿಯನ್ನು ಕಾಜದ ಬಾಯಿಯ ತನಕ ತಳ್ಳುತ್ತಿತ್ತು. ಆಚೆ ಬದಿಯಿಂದ ತೋರುಬೆರಳು ಅದನ್ನು ಹಿಡಿಯುವಷ್ಟರಲ್ಲಿ ಜಾರಿಬಿಡುತ್ತಿತ್ತು. ಹೊಸದಾಗಿ ಸೇರಿದ್ದ ಹುಡುಗಿಯೊಬ್ಬಳು ಎರಡು ಸಲ ನೋಡಿದಳು, ಮೂರನೆಯ ಸಲ ತಡೆಯಲಾರದೆ ಬಂದು, "ಬಿಡಿ ತಾತ, ನಾನು ಹಾಕುತ್ತೇನೆ" ಎಂದು ಮೇಲಿನಿಂದ ಕೆಳಗಿನವರೆಗೆ ಟಕಟಕನೆ ಹಾಕಿ ಮುಗಿಸಿ ಹೊರಟುಹೋದಳು. ಆಕೆಯದು ಒಳ್ಳೆಯ ಮನಸ್ಸು ಎಂಬುದರಲ್ಲಿ ಅನುಮಾನವಿಲ್ಲ.

ಪಕ್ಕದ ಕೋಣೆಯಲ್ಲಿ ಅದೇ ಪಾಳಿಯ ಹಳೆಯ ಕೆಲಸಗಾರ್ತಿ ಇದ್ದರು. ಗಾಲಿಕುರ್ಚಿಯಲ್ಲಿದ್ದ ಅಜ್ಜಿ ತಲೆ ಬಾಚಿಕೊಳ್ಳುತ್ತಿದ್ದರೆ ಇವರು ಹೊದಿಕೆ ಮಡಿಸುವುದು, ಕಿಟಕಿ ತೆರೆಯುವುದು, ಮಡಿಸಿದ ಹೊದಿಕೆಯನ್ನೇ ಇನ್ನೊಮ್ಮೆ ಸರಿಪಡಿಸುವುದು, ಹೀಗೆ ಬೇಕೆಂದೇ ಕೆಲಸ ಹುಡುಕಿಕೊಂಡು ಓಡಾಡುತ್ತಿದ್ದರು. ಹಿಂದಲೆಗೆ ಕೈ ಎಟುಕದೆ ಅಜ್ಜಿ ತಾವಾಗಿಯೇ ಬಾಚಣಿಗೆ ಚಾಚಿದಾಗ ಮಾತ್ರ ಅದನ್ನು ಇಸಿದುಕೊಂಡರು.

ಇಬ್ಬರಲ್ಲಿ ಯಾರ ಮನಸ್ಸು ಹೆಚ್ಚು ಮೃದು ಎಂದು ನಾನು ಅಳೆಯಲಾರೆ. ಕೆಲಸ ಗೊತ್ತಿದ್ದದ್ದು ಎರಡನೆಯವರಿಗೆ. ಎದುರಿನವರ ಕೈಯಲ್ಲಿ ಇನ್ನೂ ಉಳಿದಿರುವುದನ್ನು ಕಿತ್ತುಕೊಳ್ಳದಿರುವುದೇ ಈ ಕೆಲಸದ ಮುಕ್ಕಾಲು ಪಾಲು ಎಂಬುದು ನನ್ನ ಖಚಿತ ಅಭಿಪ್ರಾಯ. ಬಳಸದ ಬೆರಳು ಬಿಗಿದುಕೊಳ್ಳುತ್ತದೆ. ಕೇಳದೆ ನಿರ್ಧರಿಸಿದರೆ, ನಿರ್ಧರಿಸುವ ಅಭ್ಯಾಸವೂ ತಪ್ಪಿಹೋಗುತ್ತದೆ. ಯಾವ ಬಟ್ಟೆ, ಎಷ್ಟು ಹೊತ್ತಿಗೆ ನಿದ್ದೆ, ಯಾರನ್ನು ಭೇಟಿಯಾಗಬೇಕು ಎಂಬ ಸಣ್ಣಪುಟ್ಟ ವಿಷಯಗಳನ್ನೆಲ್ಲ ಬೇರೆಯವರೇ ತೀರ್ಮಾನಿಸತೊಡಗಿದ ಮೇಲೆ ಮನುಷ್ಯ ತನ್ನ ಬದುಕಿನಲ್ಲಿ ತಾನೇ ನೆಂಟನಾಗಿಬಿಡುತ್ತಾನೆ. ಮೃದು ಮನಸ್ಸಿನವರಿಗೆ ಇನ್ನೊಬ್ಬರ ಒದ್ದಾಟ ನೋಡಲಾಗುವುದಿಲ್ಲ. ನೋಡಲಾಗದೆ ಕೈ ಹಾಕುತ್ತಾರೆ. ಹಾಗೆ ಕೈ ಹಾಕಿದಾಗ ಕಳೆಯುವ ಸಂಕಟ ಹೆಚ್ಚಾಗಿ ಕೈ ಹಾಕಿದವರದೇ ಆಗಿರುತ್ತದೆ. ನಿಮ್ಮ ಮೃದುತನ ಅಡ್ಡಿಯಾದರೆ ಇಲ್ಲಿ ಆಗಬಹುದು. ಗೆಳತಿಯರು ಹೇಳಿದ ಕಡೆ ಅಲ್ಲ.

ಇದು ನಾನೊಬ್ಬನೇ ಕಂಡುಕೊಂಡ ಸಂಗತಿಯೇನಲ್ಲ. ಬೌದ್ಧಿಕ ಅಂಗವೈಕಲ್ಯ ಇರುವವರ ಆರೈಕೆಯ ಬಗ್ಗೆ ಬರೆಯುತ್ತಾ ಅಮೆರಿಕದ ರಾಬರ್ಟ್ ಪರ್ಸ್ಕೆ 1972ರಲ್ಲಿಯೇ, ಅತಿಯಾದ ಕಾಪಾಡುವಿಕೆಯೂ ಮನುಷ್ಯನ ಘನತೆಗೆ ಪೆಟ್ಟು ಕೊಡುತ್ತದೆ, ಸ್ವಲ್ಪ ಅಪಾಯಕ್ಕೆ ಒಡ್ಡಿಕೊಳ್ಳುವ ಅವಕಾಶ ಎಲ್ಲರಿಗೂ ಇರಬೇಕು ಎಂದು ವಾದಿಸಿದ್ದರು. ಅದೇ ವರ್ಷ ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ ಎಡ್ ರಾಬರ್ಟ್ಸ್ ಮತ್ತು ಅವರ ಸಂಗಡಿಗರು ಸ್ವತಂತ್ರ ಜೀವನ ಕೇಂದ್ರವನ್ನು ಕಟ್ಟಿದರು. ರಾಬರ್ಟ್ಸ್ ಅವರಿಗೆ ಹದಿಹರೆಯದಲ್ಲಿ ಪೋಲಿಯೊ ತಗುಲಿತ್ತು, ಉಸಿರಾಡಲು ಯಂತ್ರದ ನೆರವು ಬೇಕಿತ್ತು. ತನಗೆ ಬೇಕಾದ ಸಹಾಯಕರನ್ನು ಆರಿಸಿಕೊಳ್ಳುವುದು, ಅವರಿಗೆ ಕೆಲಸ ಹೇಳುವುದು, ಸರಿಹೋಗದಿದ್ದರೆ ಬಿಡಿಸುವುದು ಎಲ್ಲವೂ ಅಂಗವಿಕಲರ ಕೈಯಲ್ಲಿಯೇ ಇರಬೇಕೆಂಬುದು ಆ ಚಳವಳಿಯ ಪಟ್ಟು. ವಿಶ್ವಸಂಸ್ಥೆ 2006ರಲ್ಲಿ ಅಂಗೀಕರಿಸಿದ ಅಂಗವಿಕಲರ ಹಕ್ಕುಗಳ ಒಡಂಬಡಿಕೆಯಲ್ಲಿ, ಎಲ್ಲಿ ಯಾರ ಜೊತೆ ಬಾಳಬೇಕೆಂದು ಆರಿಸಿಕೊಳ್ಳುವುದು ಹಕ್ಕಾಗಿಯೇ ಸೇರಿದೆ.

ಕೇಳಿಸಿಕೊಳ್ಳದೆ ನೆರವಾಗಲು ಹೊರಟರೆ ಏನಾಗಬಹುದು ಎಂಬುದಕ್ಕೆ ಜೇನ್ ಆಡಮ್ಸ್ ಹೇಳಿಕೊಂಡ ಒಂದು ಘಟನೆ ಇದೆ. 1889ರಲ್ಲಿ ಶಿಕಾಗೋದ ಬಡ ವಲಸಿಗರ ನಡುವೆ ಹಲ್ ಹೌಸ್ ಎಂಬ ಸೇವಾಕೇಂದ್ರ ತೆರೆದವರು, 1931ರಲ್ಲಿ ನೊಬೆಲ್ ಶಾಂತಿ ಪ್ರಶಸ್ತಿ ಹಂಚಿಕೊಂಡವರು. ಅವರಿನ್ನೂ ಆ ಕೆಲಸಕ್ಕೆ ಹೊಸಬರಾಗಿದ್ದಾಗ, ಕೆಲಸ ಕಳೆದುಕೊಂಡ ಗುಮಾಸ್ತನೊಬ್ಬ ಮನೆಮಂದಿಗಾಗಿ ನೆರವು ಕೇಳಿ ಬಂದ. ಎಲ್ಲಿಯಾದರೂ ಕೆಲಸ ಸಿಗುವಂತಿದ್ದರೆ ಮೊದಲು ಅದನ್ನು ಮಾಡಬೇಕು, ಆಮೇಲೆ ನೆರವು ಎಂಬುದು ಅವರು ಕಲಿತಿದ್ದ ನಿಯಮ. ಕಾಲುವೆ ತೋಡುವ ಕೆಲಸ ಇದೆ ಎಂದು ಸೂಚಿಸಿದರು. ತಾನು ಯಾವಾಗಲೂ ಒಳಗೆ ಕೂತು ಕೆಲಸ ಮಾಡಿದವನು, ಚಳಿಗಾಲದಲ್ಲಿ ಬಯಲಿನ ದುಡಿಮೆ ತಾಳಲಾರೆ ಎಂದು ಆತ ಹೇಳಿದ. ಆಡಮ್ಸ್ ನಿಯಮ ಸಡಿಲಿಸಲಿಲ್ಲ. ಆತ ಎರಡು ದಿನ ಕಾಲುವೆ ತೋಡಿದ, ನ್ಯುಮೋನಿಯಾ ಹಿಡಿಯಿತು, ಒಂದು ವಾರದ ಬಳಿಕ ಸತ್ತ. ತನ್ನ ಮೈಯ ಬಗ್ಗೆ ಆತನಿಗೆ ಗೊತ್ತಿದ್ದದ್ದು ಯಾವ ನಿಯಮಪುಸ್ತಕಕ್ಕೂ ಗೊತ್ತಿರಲಿಲ್ಲ. ಅರ್ಜಿ ನಮೂನೆಯ ಆಚೆ ಬದಿಯಲ್ಲಿ ಕೂರುವ ಪ್ರತಿಯೊಬ್ಬರೂ ಈ ಗುಮಾಸ್ತನನ್ನು ನೆನಪಿನಲ್ಲಿ ಇಟ್ಟುಕೊಳ್ಳಬೇಕು.

ನಿಮ್ಮ ಲೆಕ್ಕಪತ್ರದ ಅನುಭವ ಅಲ್ಲಿ ವ್ಯರ್ಥವೆಂದು ಬರೆದಿದ್ದೀರಿ. ನಾನು ಒಪ್ಪುವುದಿಲ್ಲ. ಪಾಳಿ ಮುಗಿಯುವಾಗ ದಿನವರದಿ ಬರೆಯುವುದು ಈ ಕೆಲಸದ ಬೆನ್ನೆಲುಬು, ಬಹಳ ಮಂದಿ ಅದನ್ನು ಕಾಟಾಚಾರಕ್ಕೆ ಬರೆಯುತ್ತಾರೆ. "ಇಂದು ಕಿರಿಕಿರಿ ಮಾಡಿದರು, ಊಟ ಸರಿಯಾಗಿ ಮಾಡಲಿಲ್ಲ" ಎಂದು ಗೀಚಿದರೆ ಮುಂದಿನ ಪಾಳಿಯವರಿಗೆ ಸಿಗುವುದು ಒಂದು ಹಣೆಪಟ್ಟಿ ಮಾತ್ರ. "ಬೆಳಗ್ಗೆ 8 ಗಂಟೆಗೆ ಎರಡು ತುತ್ತು ತಿಂದು ಬೇಡವೆಂದರು. ನೀರು ಕುಡಿಯುವಾಗ ಎಡಗೆನ್ನೆ ಹಿಡಿದುಕೊಂಡರು. ಮುಖ ತೊಳೆಸಲು ಹೋದಾಗ ಕೈ ತಳ್ಳಿದರು" ಎಂದು ಬರೆದಿದ್ದರೆ ಅವರು ಟಾರ್ಚ್ ಹಿಡಿದು ಬಾಯಿಯೊಳಗೆ ನೋಡುತ್ತಾರೆ, ಕೃತಕ ದಂತಪಂಕ್ತಿಯ ಕೆಳಗಿನ ಹುಣ್ಣು ಕಣ್ಣಿಗೆ ಬೀಳುತ್ತದೆ. ಮರೆವಿನ ಕಾಯಿಲೆ ಇರುವವರು "ನೋಯುತ್ತಿದೆ" ಎಂದು ಹೇಳಲಾಗದೆ ತಳ್ಳುತ್ತಾರೆ, ಕೂಗುತ್ತಾರೆ; ಅದನ್ನೇ ನಾವು ಹಟ ಎಂದುಕೊಳ್ಳುತ್ತೇವೆ. ಕಂಡದ್ದನ್ನು ಕಂಡ ಹಾಗೆ, ಹೊತ್ತು ಸಮೇತ ಬರೆಯುವ ಶಿಸ್ತು ನಿಮಗೆ ಈಗಾಗಲೇ ಕೈಗೂಡಿದೆ.

ಮಕ್ಕಳ ಜೊತೆ ಕೆಲಸಕ್ಕೆ ಹೋದರೆ ಒಂದು ಮಾತನ್ನು ಮೊದಲ ದಿನವೇ ತಿಳಿದಿರಬೇಕು. ಒಂದಲ್ಲ ಒಂದು ಸಂಜೆ ಒಂದು ಮಗು ಹತ್ತಿರ ಬಂದು, "ಒಂದು ವಿಷಯ ಹೇಳುತ್ತೇನೆ, ಯಾರಿಗೂ ಹೇಳುವುದಿಲ್ಲವೆಂದು ಆಣೆ ಮಾಡಿ" ಎನ್ನುತ್ತದೆ. ಆಣೆ ಮಾಡಬೇಡಿ. "ನಿನಗೆ ತೊಂದರೆಯಾಗುವ ವಿಷಯವಾದರೆ ನಿನ್ನನ್ನು ಕಾಪಾಡಬಲ್ಲವರಿಗೆ ಹೇಳಲೇಬೇಕಾಗುತ್ತದೆ, ಆದರೆ ಯಾರಿಗೆ ಹೇಳುತ್ತೇನೆಂದು ನಿನಗೆ ತಿಳಿಸುತ್ತೇನೆ" ಎನ್ನಿ. ಮಗು ಹೇಳಿದರೆ ಕೇಳಿಸಿಕೊಳ್ಳಿ, ಪೊಲೀಸರ ಹಾಗೆ ಕೆದಕಬೇಡಿ. "ಅವನು ಹೊಡೆದನೇ?" ಎಂದು ಉತ್ತರವನ್ನು ಬಾಯಿಗೆ ತುರುಕುವ ಪ್ರಶ್ನೆಗಿಂತ "ಆಮೇಲೆ ಏನಾಯಿತು?" ಎಂಬುದು ಮೇಲು. ಮಗು ಬಳಸಿದ ಮಾತುಗಳನ್ನೇ, ನಿಮ್ಮ ಭಾಷೆಗೆ ತಿದ್ದದೆ, ಆ ದಿನವೇ ಬರೆದು ಸಹಿ ಹಾಕಿ ಹೊಣೆಹೊತ್ತ ಅಧಿಕಾರಿಗೆ ಕೊಡಿ. ಆರೋಪ ಆ ಅಧಿಕಾರಿಯ ಮೇಲೆಯೇ ಇದ್ದರೆ ಹೊರಗೆ ಯಾರಿಗೆ ಹೇಳಬೇಕೆಂಬುದನ್ನು ಸೇರುವಾಗಲೇ ಕೇಳಿಟ್ಟುಕೊಂಡಿರಿ.

ಸ್ವಂತ ಮೊಬೈಲ್ ಸಂಖ್ಯೆ ಕೊಡುವುದು, ಕೈಗಡ ಕೊಡುವುದು, ಉಡುಗೊರೆ ಪಡೆಯುವುದು, ಒಬ್ಬರನ್ನೇ ಹೆಚ್ಚು ಹಚ್ಚಿಕೊಳ್ಳುವುದು ಇವುಗಳಿಗೆಲ್ಲ ಒಳ್ಳೆಯ ಸಂಸ್ಥೆಗಳಲ್ಲಿ ಬರೆದಿಟ್ಟ ನಿಯಮಗಳಿರುತ್ತವೆ. ಮೊದಮೊದಲು ಕಲ್ಲುಮನಸ್ಸಿನ ನಿಯಮಗಳೆನಿಸುತ್ತವೆ. ಪಾಲಿಸಿ. ಛಾಯಾಚಿತ್ರದ ಬಗ್ಗೆ ಮಾತ್ರ ಪತ್ರಿಕೆಯವನಾಗಿ ಒಂದು ಮಾತು ಸೇರಿಸುತ್ತೇನೆ. ದಾನಿಗಳು ನಗುತ್ತಾ ಕ್ಯಾಮೆರಾ ನೋಡುತ್ತಿರುವ, ಪಡೆಯುವವರು ನೆಲ ನೋಡುತ್ತಿರುವ ಚಿತ್ರಗಳು ನಮ್ಮ ಮೇಜಿಗೆ ಎಡೆಬಿಡದೆ ಬರುತ್ತವೆ. ಚಿತ್ರದಲ್ಲಿರುವವರ ಒಪ್ಪಿಗೆ ಪಡೆದಿದ್ದೀರಾ ಎಂದು ಕೇಳಿದರೆ ಬರುವ ಉತ್ತರ ಹೆಚ್ಚಾಗಿ ಒಂದೇ: "ಅವರೇನೂ ಬೇಡ ಎನ್ನಲಿಲ್ಲ." ಬೇಡ ಎಂದರೆ ನಾಳೆಯಿಂದ ಏನೂ ಸಿಗಲಿಕ್ಕಿಲ್ಲ ಎಂಬ ಅಳುಕಿರುವವರು ಹೇಗೆ ಬೇಡ ಎಂದಾರು?

ಇನ್ನು ಗೆಳತಿಯರ ಎಚ್ಚರಿಕೆ. ಕುಸಿದುಹೋಗುವವರು ಇದ್ದಾರೆ, ಸುಳ್ಳಲ್ಲ. ಹರ್ಬರ್ಟ್ ಫ್ರಾಯ್ಡನ್‌ಬರ್ಗರ್ ಎಂಬ ಮನಶ್ಶಾಸ್ತ್ರಜ್ಞ 1974ರಲ್ಲಿ ಈ ಬಸವಳಿಕೆಯ ಬಗ್ಗೆ ಬರೆದದ್ದು, ನ್ಯೂಯಾರ್ಕಿನ ಉಚಿತ ಚಿಕಿತ್ಸಾಲಯದಲ್ಲಿ ತಮ್ಮ ಜೊತೆ ದುಡಿಯುತ್ತಿದ್ದವರನ್ನೂ ತಮ್ಮನ್ನೂ ನೋಡಿ. ಮುಂದೆ ಮನಶ್ಶಾಸ್ತ್ರಜ್ಞೆ ಕ್ರಿಸ್ಟಿನಾ ಮಸ್ಲಾಕ್ ಇದರ ಮೂರು ಮುಖಗಳನ್ನು ಗುರುತಿಸಿದರು: ಮನಸ್ಸು ಬರಿದಾಗುವ ದಣಿವು, ಆರೈಕೆ ಪಡೆಯುವವರನ್ನು ಮನುಷ್ಯರೆಂದು ಕಾಣದಂಥ ಜಡತೆ, ತನ್ನಿಂದ ಏನೂ ಆಗುತ್ತಿಲ್ಲವೆಂಬ ಭಾವ. ಎರಡನೆಯದು ತಲೆದೋರಿದಾಗ ಗುರುತಿಸುವುದು ಸುಲಭ: ಮಾತಿನಲ್ಲಿ "ಆ ಹಿರಿಯರು" ಹೋಗಿ "ಆರನೇ ನಂಬರ್ ಹಾಸಿಗೆ" ಬರುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಇದು ಕಾಯಿಲೆಯಲ್ಲ, ಕೆಲಸದ ಜಾಗದ ನಿರಂತರ ಒತ್ತಡ ನಿಭಾಯಿಸಲಾಗದೆ ಉಳಿದಾಗ ಹುಟ್ಟುವ ಸ್ಥಿತಿ ಎಂದು ಸ್ಪಷ್ಟಪಡಿಸಿತು. ಇಬ್ಬರು ಮಾಡಬೇಕಾದ ರಾತ್ರಿ ಪಾಳಿಗೆ ಒಬ್ಬರನ್ನೇ ಹಾಕಿ, ಆಕೆ ಸೋತಾಗ "ಮನಸ್ಸು ಗಟ್ಟಿ ಮಾಡಿಕೊಳ್ಳಿ" ಎಂದು ಉಪದೇಶಿಸುವ ಸಂಸ್ಥೆಗಳ ಮೇಲೆ ನನಗೆ ಕೋಪವಿದೆ.

ಆದ್ದರಿಂದ ಸಂದರ್ಶನದಲ್ಲಿ ಅವರು ನಿಮ್ಮನ್ನು ಪ್ರಶ್ನಿಸಿದಷ್ಟೇ ನೀವೂ ಅವರನ್ನು ಪ್ರಶ್ನಿಸಿ. ರಾತ್ರಿ ಪಾಳಿಯಲ್ಲಿ ಎಷ್ಟು ಜನರಿಗೆ ಎಷ್ಟು ಸಿಬ್ಬಂದಿ? ನನ್ನ ಮೇಲ್ವಿಚಾರಕರು ಎಷ್ಟು ದಿನಕ್ಕೊಮ್ಮೆ ನನ್ನೊಬ್ಬಳ ಜೊತೆ ಕೂತು ಕೆಲಸದ ಬಗ್ಗೆ ಮಾತಾಡುತ್ತಾರೆ? ಎತ್ತಿ ಕೂರಿಸುವ ತರಬೇತಿ ಯಾವಾಗ? ಇಲ್ಲಿ ವಾಸಿಸುವವರು ಕಳೆದ ಬಾರಿ ದೂರು ಕೊಟ್ಟಾಗ ಏನು ಬದಲಾಯಿತು? ಕೊನೆಯ ಪ್ರಶ್ನೆಗೆ "ಇಲ್ಲಿ ಯಾರೂ ದೂರು ಕೊಡುವುದೇ ಇಲ್ಲ" ಎಂಬ ಉತ್ತರ ಹೆಮ್ಮೆಯಿಂದ ಬಂದರೆ, ಬೇರೆ ಕಡೆ ನೋಡಿ. ನಿಮ್ಮ ಹಿನ್ನೆಲೆ ಪರಿಶೀಲನೆಗೆ ದಾಖಲೆ ಕೇಳಿದರೆ ಬೇಸರಿಸಬೇಡಿ, ಕೇಳದಿದ್ದರೆ ಅನುಮಾನಪಡಿ.

ತಡವಾಯಿತೇ ಎಂದಿರಿ. ಸಿಸಿಲಿ ಸಾಂಡರ್ಸ್ ದಾದಿಯಾಗಿದ್ದರು, ಬೆನ್ನುನೋವಿನಿಂದ ಆ ಕೆಲಸ ಬಿಡಬೇಕಾಯಿತು. ಆಸ್ಪತ್ರೆಯ ಸಮಾಜ ಕಾರ್ಯಕರ್ತೆಯಾದರು. ಆಮೇಲೆ ಓದಿ 1957ರಲ್ಲಿ, ನಲವತ್ತರ ಹೊಸ್ತಿಲಿನಲ್ಲಿ ವೈದ್ಯೆಯಾದರು. ಸಾವಿನ ಸಮೀಪ ಇರುವವರಿಗಾಗಿ ಅವರು ಲಂಡನ್ನಿನಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪಿಸ್ ತೆರೆದದ್ದು 1967ರಲ್ಲಿ. ಅವರ ಬೆನ್ನಿನ ಕಥೆಯನ್ನು ಎತ್ತಿ ಕೂರಿಸುವ ತರಬೇತಿ ಕೇಳುವಾಗ ನೆನೆಸಿಕೊಳ್ಳಿ.

ರಾಜೀನಾಮೆಯನ್ನು ಈಗಲೇ ಕೊಡಬೇಡಿ. ನಿಮ್ಮ ಮನಸ್ಸಿನಲ್ಲಿರುವ ಸಂಸ್ಥೆಗೆ ಕೆಲವು ತಿಂಗಳು ವಾರಕ್ಕೊಮ್ಮೆ ಸ್ವಯಂಸೇವಕಿಯಾಗಿ ಹೋಗಿ. ಹಬ್ಬ, ಸಮಾರಂಭದ ದಿನಗಳನ್ನು ಬಿಟ್ಟು ಸಾಧಾರಣ ದಿನಗಳಲ್ಲಿ ಹೋಗಿ. ಅವರು ಒಪ್ಪಿದರೆ ಒಂದು ಇಡೀ ರಾತ್ರಿ ಪಾಳಿಯಲ್ಲಿಯೂ ಇರಿ. ಕೆಲಸದ ವಿವರ, ಅವಧಿ, ಸಂಬಳ ಬರೆದಿರುವ ನೇಮಕಾತಿ ಪತ್ರ ಕೈಗೆ ಬಂದ ಮೇಲೆ ಇಲ್ಲಿಯದನ್ನು ಬಿಡಿ. ಆ ಪತ್ರದಲ್ಲಿ ಹುದ್ದೆಯ ಹೆಸರನ್ನು ಎರಡು ಸಲ ಓದಿ. ಲೆಕ್ಕ ಬಲ್ಲವರು ಸಿಕ್ಕರೆ ಸೇವಾಸಂಸ್ಥೆಗಳು ಬಿಡುವುದಿಲ್ಲ, ಅವುಗಳಿಗೆ ಅಂಥವರ ಅಗತ್ಯವೂ ಇದೆ. ಜನರ ನಡುವಿನ ಕೆಲಸವೇ ಬೇಕಿದ್ದರೆ ಅದನ್ನು ಸೇರುವ ಮೊದಲೇ ಹೇಳಿಬಿಡಿ. ಸೇರಿದ ಮೇಲೆ ಹೇಳೋಣವೆಂದುಕೊಂಡರೆ, ಅಷ್ಟರಲ್ಲಿ ಲೆಕ್ಕಪರಿಶೋಧನೆಯ ಕಡತಗಳು ನಿಮ್ಮ ಮೇಜಿನ ಮೇಲೆ ಬಂದು ಕೂತಿರುತ್ತವೆ.