ಸ್ನಾರ್ಕೆಲ್ ಹಾಕಿಸಿದ ಮೇಲೂ ಇಂಜಿನ್ ಒಳಗೆ ಧೂಳು ಯಾಕೆ?

ಮಳೆ ನಿಂತು ಎರೆ ಹೊಲದ ದಾರಿ ಒಣಗಿದರೆ ಸಾಕು, ಒಂದೇ ಥರದ ಪತ್ರಗಳು ಶುರುವಾಗುತ್ತವೆ. ಏರ್ ಪೈಪ್ ದೊಡ್ಡದು ಮಾಡಿಸಲಾ? ಯಾವ ಫಿಲ್ಟರ್ ಹಾಕಿದರೆ ಪಿಕಪ್ ಜಾಸ್ತಿ? ಇದೇ ಪ್ರಶ್ನೆಗಳಿಗೆ ಹಿಂದೆಯೂ ಉತ್ತರ ಕೊಟ್ಟಿದ್ದೇನೆ. ಆದರೂ ಚೆನ್ನಾಗಿದ್ದ ಇಂಜಿನ್‌ಗಳು ಅಪ್‌ಗ್ರೇಡ್ ಹೆಸರಿನಲ್ಲಿ ಹಾಳಾಗಿ, ಬೋರ್ (ಸಿಲಿಂಡರ್‌ನ ಒಳಗೋಡೆ) ಸವೆದು ನನ್ನ ಮುಂದೆ ಬರುವುದು ನಿಂತಿಲ್ಲ. ಅದಕ್ಕೇ ಈ ಸಲ ಒಂದು ಪ್ರಶ್ನೆಗೆ ಪೂರ್ತಿ ಉತ್ತರ. ಉಳಿದವಕ್ಕೆ ಅಷ್ಟು ಜಾಗ ಬೇಕಿಲ್ಲ.

ಪ್ರಶ್ನೆ: ನನ್ನದು 2014ರ ಡೀಸೆಲ್ ಥಾರ್, 2.5 ಲೀಟರ್ ಇಂಜಿನ್. ನವಲಗುಂದ ಕಡೆ ಹೊಲದ ದಾರಿಯಲ್ಲಿ ದಿನಾ ಓಡಾಟ. ಸ್ನಾರ್ಕೆಲ್, ಅಂದರೆ ಎತ್ತರದಿಂದ ಗಾಳಿ ಎಳೆಯುವ ಕೊಳವೆ, ಹಾಕಿಸಿದೆ. ಫಿಲ್ಟರ್‌ನಿಂದ ಟರ್ಬೊಗೆ (ಇಂಜಿನ್‌ಗೆ ಗಾಳಿ ಒತ್ತಿ ತುಂಬುವ ಭಾಗ) ಹೋಗುವ ಹಳೆಯ ರಬ್ಬರ್ ಪೈಪ್ ತೆಗೆಸಿ 3 ಇಂಚಿನ ಸಿಲಿಕೋನ್ ಪೈಪ್ ಹಾಕಿಸಿದೆ. ಪಿಕಪ್ ಏನೂ ಹೆಚ್ಚಾಗಿಲ್ಲ. ಮೊನ್ನೆ ಪೈಪ್ ಬಿಚ್ಚಿದಾಗ ಒಳಗೆ ಬೆರಳಿಗೆ ಧೂಳು ಹತ್ತಿತು. ಮೇಸ್ತ್ರಿ ಇನ್ನೂ ದೊಡ್ಡ ಪೈಪ್ ಹಾಕೋಣ ಸರ ಅಂತಾರೆ. ಹಾಕಿಸಲಾ?

ಹಾಕಿಸಬೇಡಿ. ಅದಕ್ಕಿಂತ ಮೊದಲು ಗಾಡಿ ನಿಲ್ಲಿಸಿ. ಫಿಲ್ಟರ್ ದಾಟಿದ ಮೇಲೆ ಬೆರಳಿಗೆ ಧೂಳು ಸಿಕ್ಕರೆ ಆ ಗಾಡಿಯನ್ನು ಮತ್ತೆ ಹೊಲಕ್ಕೆ ಒಯ್ಯಬಾರದು. ರಾಶಿ ಕೆಲಸ ಇದೆ, ಮುಗಿಸಿ ನೋಡೋಣ ಅನ್ನಬೇಡಿ. ನಿಮ್ಮ ಇಂಜಿನ್ 3000 ಆರ್‌ಪಿಎಂನಲ್ಲಿ ನಿಮಿಷಕ್ಕೆ ಸುಮಾರು 3,750 ಲೀಟರ್ ಗಾಳಿ ಎಳೆಯುತ್ತದೆ. ಟರ್ಬೊ ಒತ್ತಡ ಸೇರಿಸದೆ ಹಾಕಿದ ಲೆಕ್ಕ ಇದು. ಹೀಗೆ ಒಂದು ಗಂಟೆ ಓಡಿದರೆ 2 ಲಕ್ಷ ಲೀಟರ್ ದಾಟುತ್ತದೆ. ಅಷ್ಟು ಗಾಳಿಯ ಸಣ್ಣ ಪಾಲು ಸೋಸದೆ ಒಳಗೆ ಹೋದರೂ ಹಾನಿ ದೊಡ್ಡದು.

ಇಂಜಿನ್‌ಗೆ ಹೆಚ್ಚು ಕೇಡು ಮಾಡುವುದು 5ರಿಂದ 20 ಮೈಕ್ರಾನ್‌ನ ಕಣ. ಒಂಟಿಯಾಗಿ ಅದು ಕಣ್ಣಿಗೆ ಕಾಣುವುದೇ ಇಲ್ಲ. ಪಿಸ್ಟನ್ ರಿಂಗ್ ಮತ್ತು ಬೋರ್ ನಡುವಿನ ಆಯಿಲ್ ಪದರದೊಳಗೆ ಸಿಕ್ಕಿಕೊಂಡು ಎರಡನ್ನೂ ಉಜ್ಜುತ್ತದೆ. ಮಣ್ಣಿನ ಧೂಳಿನಲ್ಲಿರುವ ಸಿಲಿಕಾ ಕಬ್ಬಿಣಕ್ಕಿಂತ ಗಟ್ಟಿ. ಎರೆಮಣ್ಣು ಒಣಗಿ ಗಾಡಿ ಚಕ್ರಕ್ಕೆ ಸಿಕ್ಕು ಹಿಟ್ಟಾದಾಗ ಏಳುವ ಧೂಳು ಗಂಟೆಗಟ್ಟಲೆ ಕೆಳಗಿಳಿಯುವುದಿಲ್ಲ. ಅಷ್ಟು ಸಣ್ಣ ಧೂಳು ಅದು. ಅಣ್ಣಿಗೇರಿ, ನವಲಗುಂದ, ರೋಣದ ದಾರಿಗಳಲ್ಲಿ ಓಡಾಡುವವರಿಗೆ ಇದನ್ನು ನಾನು ಹೇಳಬೇಕಿಲ್ಲ.

ಈಗ ನಿಮ್ಮ ಪೈಪಿನ ಕಥೆ. ಗಾಳಿಯ ದಾರಿಯಲ್ಲಿ ಮೂರು ಭಾಗ. ಫಿಲ್ಟರ್‌ಗಿಂತ ಮುಂಚಿನದು ಒಂದು, ಫಿಲ್ಟರ್‌ನಿಂದ ಟರ್ಬೊವರೆಗಿನದು ಇನ್ನೊಂದು, ಟರ್ಬೊದಿಂದ ಗಾಳಿ ತಣಿಸುವ ಇಂಟರ್‌ಕೂಲರ್ ಮೂಲಕ ಇಂಜಿನ್‌ವರೆಗಿನದು ಮೂರನೆಯದು. ಮೊದಲ ಭಾಗ ಸೋರಿದರೆ ಧೂಳು ಫಿಲ್ಟರ್‌ಗೆ ಬಂದು ನಿಲ್ಲುತ್ತದೆ, ಫಿಲ್ಟರ್ ಬೇಗ ಕಟ್ಟುತ್ತದೆ ಅಷ್ಟೆ. ಮೂರನೆಯದು ಸೋರಿದರೆ ಒತ್ತಡದ ಗಾಳಿ ಹೊರಗೆ ಹೋಗುತ್ತದೆ. ಬುಸ್ ಅನ್ನುವ ಶಬ್ದ, ಕಪ್ಪು ಹೊಗೆ, ಪಿಕಪ್ ಸತ್ತ ಗಾಡಿ, ಹೀಗೆ ತಾನೇ ಕೂಗಿ ಹೇಳುತ್ತದೆ. ನಡುವಿನ ಭಾಗ ಮಾತ್ರ ಏನೂ ಹೇಳುವುದಿಲ್ಲ. ಅಲ್ಲಿ ಇರುವುದು ಎಳೆತ. ಎಳನೀರಿನ ಸ್ಟ್ರಾ ಸೀಳಿದ್ದರೆ ನೀರಿನ ಜೊತೆ ಗಾಳಿಯೂ ಬಾಯಿಗೆ ಬರುತ್ತದಲ್ಲ, ಇಲ್ಲಿ ಬರುವುದು ಧೂಳು. ಹೊಗೆ ಇಲ್ಲ, ಶಬ್ದ ಇಲ್ಲ. ಗಾಡಿ ಆಯಿಲ್ ತಿನ್ನಲು ಶುರುಮಾಡಿದ ದಿನವೇ ಗೊತ್ತಾಗುವುದು. ಆಗ ಪೈಪ್ ಬದಲಿಸಿ ಏನೂ ಪ್ರಯೋಜನ ಇಲ್ಲ. ನಿಮ್ಮ ಮೇಸ್ತ್ರಿ ಕೈ ಹಾಕಿದ್ದು ಸರಿಯಾಗಿ ಈ ಭಾಗಕ್ಕೇ.

3 ಇಂಚು ಅಂದರೆ 76 ಮಿ.ಮೀ. ಏರ್ ಬಾಕ್ಸ್‌ನ (ಫಿಲ್ಟರ್ ಕೂರುವ ಡಬ್ಬಿ) ಮೂತಿ 70 ಮಿ.ಮೀ. ಇದ್ದರೆ ಏನಾಗುತ್ತದೆ? ಕ್ಲಿಪ್ ಎಷ್ಟು ಬಿಗಿದರೂ ಸಿಲಿಕೋನ್ ಒಂದು ಕಡೆ ಮಡಿಚಿಕೊಳ್ಳುತ್ತದೆ. ಆ ಮಡಿಕೆಯೇ ಧೂಳಿಗೆ ದಾರಿ. ಇನ್ನೂ ಬಿಗಿದರೆ ಪ್ಲಾಸ್ಟಿಕ್ ಮೂತಿ ಮೊಟ್ಟೆಯಾಕಾರಕ್ಕೆ ತಿರುಗುತ್ತದೆ, ಆಮೇಲೆ ಸರಿಯಾದ ಪೈಪೂ ಅಲ್ಲಿ ಕೂರುವುದಿಲ್ಲ. ಮಾಮೂಲಿ ಸ್ಕ್ರೂ ಕ್ಲಿಪ್‌ನ ಪಟ್ಟಿಯಲ್ಲಿ ಸೀಳು ಸೀಳಾಗಿ ತೂತು ಇರುತ್ತವೆ. ಆ ತೂತಿನ ಅಂಚು ಮೆತ್ತನೆಯ ಸಿಲಿಕೋನ್ ಕತ್ತರಿಸುತ್ತದೆ. ಹೊರಗಿನಿಂದ ನೋಡಿದರೆ ಎಲ್ಲವೂ ಹೊಸದು, ಎಲ್ಲವೂ ಬಿಗಿ.

ಇದಕ್ಕಿಂತ ದೊಡ್ಡ ತಪ್ಪು ಬೇರೆ ಇದೆ. ಕಂಪನಿಯ ರಬ್ಬರ್ ಪೈಪಿನಲ್ಲಿ ಸುಕ್ಕುಸುಕ್ಕಾದ ಒಂದು ಭಾಗ ಇರುತ್ತದೆ. ಗಾಳಿಯ ಓಟಕ್ಕೆ ಅದು ಅಡ್ಡಿ ಅಂತ ಹೇಳಿ ಅದನ್ನು ಕಿತ್ತು ನೇರ ಪೈಪ್ ಹಾಕುವವರು ಊರ ತುಂಬ ಇದ್ದಾರೆ. ಏರ್ ಬಾಕ್ಸ್ ಕೂತಿರುವುದು ಬಾಡಿಯ ಮೇಲೆ, ಟರ್ಬೊ ಇರುವುದು ಇಂಜಿನ್ ಮೇಲೆ. ಇಂಜಿನ್ ತನ್ನ ರಬ್ಬರ್ ಮೌಂಟ್ ಮೇಲೆ ಅಲುಗಾಡುತ್ತಲೇ ಇರುತ್ತದೆ. ಹೊಲದ ದಾರಿಯಲ್ಲಂತೂ ಕೇಳುವುದೇ ಬೇಡ. ಆ ಅಲುಗಾಟ ನುಂಗಲೆಂದೇ ಸುಕ್ಕು ಇಟ್ಟಿರುವುದು. ಅದು ಹೋಯಿತೆಂದರೆ ಪ್ರತಿ ಗುಂಡಿಗೂ ಜಾಯಿಂಟ್ ಜಗ್ಗುತ್ತದೆ. ಇಂದು ಬಿಗಿದದ್ದು ತಿಂಗಳೊಪ್ಪತ್ತಿನಲ್ಲಿ ಸಡಿಲ.

ಪಿಕಪ್ ಹೆಚ್ಚಾಗಲಿಲ್ಲ ಎಂದು ಬರೆದಿದ್ದೀರಿ. ಹೆಚ್ಚಾಗಬಾರದು, ಆಗುವುದೂ ಇಲ್ಲ. ಡೀಸೆಲ್ ಇಂಜಿನ್‌ನ ಶಕ್ತಿ ನಿರ್ಧಾರ ಆಗುವುದು ಎಷ್ಟು ಡೀಸೆಲ್ ಸಿಂಪಡಿಸುತ್ತೇವೆ ಎಂಬುದರ ಮೇಲೆ. ಅಷ್ಟು ಡೀಸೆಲ್‌ಗೆ ಬೇಕಾದ ಗಾಳಿ ಕಂಪನಿಯ ಪೈಪಿನಲ್ಲೇ ಬರುತ್ತಿದ್ದರೆ ದೊಡ್ಡ ಪೈಪ್ ಸುಮ್ನೆ ಖರ್ಚು. ಏರ್ ಫ್ಲೋ ಸೆನ್ಸರ್ ಇರುವ ಗಾಡಿಗಳಲ್ಲಿ ಇನ್ನೂ ಕೆಟ್ಟದು. ಆ ಸೆನ್ಸರ್‌ನ ಲೆಕ್ಕ ಅದು ಕೂತಿರುವ ಪೈಪಿನ ಅಳತೆಗೆ ಹೊಂದಿಸಿದ್ದು. ಅಳತೆ ಬದಲಿಸಿದರೆ ಲೆಕ್ಕವೇ ತಪ್ಪು.

ಗಾಳಿ ಸಾಲುತ್ತಿಲ್ಲ ಎಂಬ ಅನುಮಾನ ಇದ್ದರೆ ಅಳೆದು ನೋಡಿ. ಹಾರ್ವೆಸ್ಟರ್, ದೊಡ್ಡ ಟ್ರ್ಯಾಕ್ಟರ್, ಲಾರಿಗಳಲ್ಲಿ ಏರ್ ಫಿಲ್ಟರ್ ಕಟ್ಟಿದ್ದನ್ನು ತೋರಿಸುವ ಸಣ್ಣ ಗೇಜ್ ಇರುತ್ತದೆ. ಅಂಥದೊಂದನ್ನು ಫಿಲ್ಟರ್ ದಾಟಿದ ಜಾಗದಲ್ಲಿ ಕೂರಿಸಿ. ಹೊಸ ಫಿಲ್ಟರ್ ಹಾಕಿ, ಏರುದಾರಿಯಲ್ಲಿ ಪೂರ್ತಿ ಎಕ್ಸಲರೇಟರ್ ಕೊಟ್ಟು ಓದಿ. ದೊಡ್ಡ ಡೀಸೆಲ್ ಇಂಜಿನ್‌ಗಳಲ್ಲಿ ಎಳೆತ 25 ಇಂಚು ನೀರಿನ ಮಟ್ಟ, ಅಂದರೆ 6 ಕಿಲೋಪಾಸ್ಕಲ್‌ಗೆ ತುಸು ಮೇಲೆ ಬಂದಾಗ ಫಿಲ್ಟರ್ ಬದಲಿಸಿ ಅನ್ನುತ್ತಾರೆ. ಹೊಸ ಫಿಲ್ಟರ್‌ನಲ್ಲಿ ನಿಮ್ಮ ಓದು ಅದರ ಅರ್ಧವೂ ಇಲ್ಲದಿದ್ದರೆ ಪೈಪ್ ದೊಡ್ಡದು ಮಾಡುವ ಮಾತೇ ಬೇಡ. ಈ ಅಳತೆ ಮಾಡದೆ ದೊಡ್ಡ ಪೈಪ್ ಮಾರುವವರ ಮಾತಿಗೆ ನಾನು ಬೆಲೆ ಕೊಡುವುದಿಲ್ಲ. ನೀವೂ ಕೊಡಬೇಡಿ.

ಇನ್ನು ಮಾಡಬೇಕಾದ ಕೆಲಸ. ಪೈಪ್ ಬಿಚ್ಚಿ, ಒರೆಸುವ ಮೊದಲು ಟಾರ್ಚ್ ಹಿಡಿದು ನೋಡಿ. ಧೂಳು ಒಳಗೆ ಬಂದ ಜಾಗದಿಂದ ಗೆರೆ ಎಳೆದಂತೆ ಮುಂದಕ್ಕೆ ಹರಡಿರುತ್ತದೆ. ಆ ಗೆರೆ ಎಲ್ಲಿ ಶುರುವಾಗುತ್ತದೋ ಅದೇ ಸೋರಿಕೆ. ಒರೆಸಿಬಿಟ್ಟರೆ ಸಾಕ್ಷಿ ಹೋಯಿತು. ಗೆರೆ ಏರ್ ಬಾಕ್ಸ್ ಒಳಗಿನಿಂದಲೇ ಬಂದಿದ್ದರೆ ತಪ್ಪು ಫಿಲ್ಟರ್ ಕೂರುವ ಜಾಗದಲ್ಲಿದೆ. ಅಗ್ಗದ ಡುಪ್ಲಿಕೇಟ್ ಫಿಲ್ಟರ್‌ನ ರಬ್ಬರ್ ಅಂಚು ತೆಳುವಾಗಿರುತ್ತದೆ, ಅಥವಾ ಬಾಕ್ಸ್‌ನ ಕ್ಲಿಪ್ ಒಂದು ಮುರಿದಿರುತ್ತದೆ. ರಬ್ಬರ್ ಅಂಚಿಗೆ ತೆಳುವಾಗಿ ಗ್ರೀಸ್ ಸವರಿ ಮುಚ್ಚಿ, ಮತ್ತೆ ತೆಗೆದು ನೋಡಿ. ಸುತ್ತಲೂ ಗುರುತು ಬೀಳಬೇಕು. ಬೀಳದ ಕಡೆ ಧೂಳು ನುಸುಳುತ್ತಿದೆ.

ಆಮೇಲೆ ಕಂಪನಿಯ ಸುಕ್ಕಿನ ರಬ್ಬರ್ ಪೈಪನ್ನೇ ಹೊಸದು ತಂದು ಹಾಕಿ. ನನ್ನ ಸಲಹೆ ಇದೊಂದೇ. ಸ್ನಾರ್ಕೆಲ್‌ನಿಂದಲೋ ಜಾಗದಿಂದಲೋ ಅದು ಕೂರುವುದೇ ಇಲ್ಲ ಎಂದಾದರೆ ಮಾತ್ರ ಬೇರೆ ಪೈಪ್. ಆಗ ಅಲ್ಯೂಮಿನಿಯಂ ಪೈಪ್ ಬಾಗಿಸಿ, ತುದಿಗೆ ಉಬ್ಬು ಅಂಚು ಕೊಡಿಸಿ. ಆ ಉಬ್ಬು ಇಲ್ಲದಿದ್ದರೆ ಹೋಸ್ ಜಾರುತ್ತದೆ. ಎರಡೂ ತುದಿಗೆ ಅಳತೆಗೆ ಸರಿಯಾದ ಹೋಸ್ ತುಂಡು ಇರಲಿ, ಒಂದರಲ್ಲಾದರೂ ಸುಕ್ಕು ಇರಲಿ. ಒಳಪದರ ಫ್ಲೋರೋಸಿಲಿಕೋನ್ ಆಗಿರಲಿ. ಇಂಜಿನ್ ಒಳಗಿನ ಆವಿ ಹೊರಬಿಡುವ ಬ್ರೀದರ್‌ನ ಆಯಿಲ್ ಆವಿ ಈ ಪೈಪಿಗೇ ಬಂದು ಸೇರುತ್ತದೆ, ಬರಿ ಸಿಲಿಕೋನ್ ಅದಕ್ಕೆ ಮೆತ್ತಗಾಗಿ ಪದರ ಬಿಡುತ್ತದೆ. ಎಳೆತಕ್ಕೆ ಚಪ್ಪಟೆಯಾಗದಂತೆ ಒಳಗೆ ತಂತಿ ಸುತ್ತಿದ್ದನ್ನೇ ಕೇಳಿ. ಕ್ಲಾಂಪ್ ಒಳಮೈ ನುಣುಪಾಗಿರಲಿ. ಸೀಲಂಟ್, ಎಂ-ಸೀಲ್ ಮೆತ್ತಿ ಮುಚ್ಚಬೇಡಿ. ಒಣಗಿ ಉದುರಿದ ಚೂರು ನೇರ ಟರ್ಬೊಗೆ ಹೋಗುತ್ತದೆ.

ಸೋರಿಕೆ ಹುಡುಕಲು ಹೊಗೆ ಬಿಟ್ಟು ನೋಡುವ ಯಂತ್ರ ಇರುವ ಗ್ಯಾರೇಜ್‌ಗೆ ಹೋಗಿ. ಇಂಜಿನ್ ಓಡುತ್ತಿರುವಾಗ ಸ್ಟಾರ್ಟಿಂಗ್ ಸ್ಪ್ರೇ, ಪೆಟ್ರೋಲ್ ಸಿಂಪಡಿಸಿ ಪರೀಕ್ಷೆ ಮಾಡುವವರನ್ನು ಗಾಡಿಯ ಹತ್ತಿರ ಬಿಡಬೇಡಿ. ಡೀಸೆಲ್ ಇಂಜಿನ್ ಒಳಗೆ ಬಂದದ್ದನ್ನೆಲ್ಲ ಉರಿಸುತ್ತದೆ, ಕೀ ತಿರುಗಿಸಿದರೂ ನಿಲ್ಲದೆ ಓಡಬಹುದು. ಜೀವಕ್ಕೆ ಅಪಾಯ ಇರುವ ಕೆಲಸ ಅದು.

ಪೈಪ್ ತೆಗೆದಾಗಲೇ ಟರ್ಬೊದ ರೆಕ್ಕೆಗಳ ಅಂಚು ನೋಡಿಸಿ. ಚೂಪಾಗಿರಬೇಕು. ಮೊಂಡಾಗಿದ್ದರೆ ಧೂಳು ಬಹಳ ದಿನದಿಂದ ಹೋಗುತ್ತಿದೆ. ಕಂಪ್ರೆಷನ್ ಟೆಸ್ಟ್ ಮಾಡಿಸಿ, ಆಯಿಲ್ ಬದಲಿಸಿ, ಮುಂದಿನ ಕೆಲವು ತಿಂಗಳು ಡಿಪ್‌ಸ್ಟಿಕ್ ವಾರಕ್ಕೊಮ್ಮೆ ನೋಡಿ.

ಸ್ನಾರ್ಕೆಲ್ ವಿಷಯ. ಅದು ಧೂಳು ಸೋಸುವುದಿಲ್ಲ. ಎತ್ತರದ ಗಾಳಿ ಎಳೆಯುವುದರಿಂದ ಫಿಲ್ಟರ್‌ಗೆ ಹೊರೆ ಕಡಿಮೆ, ಅಷ್ಟೇ. ಮುಂದೆ ಇನ್ನೊಂದು ಗಾಡಿ ಹೋಗುತ್ತಿದ್ದರೆ ಎತ್ತರದಲ್ಲೂ ಧೂಳೇ. ಆಗ ದೂರ ಬಿಟ್ಟು ಓಡಿಸಿ. ನಿಮ್ಮ ಓಡಾಟಕ್ಕೆ ನಿಜವಾಗಿ ಉಪಯೋಗ ಆಗುವುದು ಪ್ರಿ-ಕ್ಲೀನರ್, ಹಾರ್ವೆಸ್ಟರ್ ಮೇಲೆ ಕಾಣುವ ಆ ದುಂಡು ತಲೆ. ಗಾಳಿಯನ್ನು ಸುತ್ತಿಸಿ ದಪ್ಪ ಧೂಳು, ಹೊಟ್ಟನ್ನು ಹೊರಗೆ ಎಸೆಯುತ್ತದೆ. ಇಂಜಿನ್‌ನ ಗಾಳಿಯ ಅಳತೆಗೆ ಹೊಂದುವುದನ್ನೇ ತನ್ನಿ. ಚಿಕ್ಕದಾದರೆ ಉಸಿರು ಕಟ್ಟುತ್ತದೆ, ದೊಡ್ಡದಾದರೆ ಗಾಳಿ ಸುತ್ತುವುದೇ ಇಲ್ಲ. ಸಣ್ಣ ಧೂಳು ಅದನ್ನೂ ದಾಟಿ ಬರುತ್ತದೆ. ಆದ್ದರಿಂದ ಒಳಗಿನ ಫಿಲ್ಟರ್ ಮತ್ತು ಜಾಯಿಂಟ್ ಚೆನ್ನಾಗಿರಲೇಬೇಕು.

ಪ್ರಶ್ನೆ: ಟೈರ್ ಅಂಗಡಿಯ ಹವಾ ಬಿಟ್ಟು ಫಿಲ್ಟರ್ ಕ್ಲೀನ್ ಮಾಡಬಹುದಾ?

ಬೇಡ. ಆ ಒತ್ತಡಕ್ಕೆ ಕಾಗದ ಸೀಳುತ್ತದೆ, ಸೀಳು ಕಣ್ಣಿಗೆ ಕಾಣುವುದಿಲ್ಲ. ನೆಲಕ್ಕೆ ಬಡಿಯುವುದೂ ಬೇಡ. ಹೊಸದು ತನ್ನಿ.

ಪ್ರಶ್ನೆ: ತೊಳೆದು ಎಣ್ಣೆ ಹಚ್ಚುವ ಬಟ್ಟೆಯ ಫಿಲ್ಟರ್ ಜೀವನಪೂರ್ತಿ ಬರುತ್ತದಂತೆ, ಹೌದಾ?

ಫಿಲ್ಟರ್ ಬರಬಹುದು. ನಮ್ಮ ಧೂಳಿನಲ್ಲಿ ಇಂಜಿನ್ ಬರುವುದಿಲ್ಲ. ಕಾಗದದ್ದೇ ಇರಲಿ.

ಪ್ರಶ್ನೆ: ಪೈಪಿನೊಳಗೆ ಗಾಳಿ ಸುತ್ತಿಸುವ ಸಣ್ಣ ಫ್ಯಾನ್ ಹಾಕಿದರೆ ಮೈಲೇಜ್ ಬರುತ್ತದೆ ಅಂತ ವಿಡಿಯೊದಲ್ಲಿ ತೋರಿಸಿದ್ದಾರೆ.

ಮೋಸ. ಅದರ ರೆಕ್ಕೆ ಮುರಿದರೆ ಟರ್ಬೊ ಕೂಡ ಹೋಗುತ್ತದೆ.

ಪ್ರಶ್ನೆ: ಟರ್ಬೊ ಪೈಪಿನಲ್ಲಿ ಎಣ್ಣೆ ಪಸೆ ಇದೆ. ಟರ್ಬೊ ಬದಲಿಸಬೇಕು ಅಂದರು.

ತೆಳ್ಳಗಿನ ಪಸೆ ಬ್ರೀದರ್‌ನಿಂದ ಬರುತ್ತದೆ, ಅದು ಮಾಮೂಲು. ಎಣ್ಣೆ ನಿಂತಿದ್ದರೆ ಅಥವಾ ಶಾಫ್ಟ್ ಅಲುಗಾಡುತ್ತಿದ್ದರೆ ಮಾತ್ರ ಟರ್ಬೊ ಕಡೆ ನೋಡಿ. ಶಾಫ್ಟ್ ಮುಟ್ಟಿಯೂ ನೋಡದೆ ಟರ್ಬೊ ಬದಲಿಸಿ ಅಂದವರ ಹತ್ತಿರ ಮತ್ತೆ ಹೋಗಬೇಡಿ.

ಪ್ರಶ್ನೆ: ಪ್ಲಂಬಿಂಗ್ ಪಿವಿಸಿ ಪೈಪಿನಲ್ಲಿ ಸ್ನಾರ್ಕೆಲ್ ಮಾಡಿಸಲಾ?

ಬಾನೆಟ್ ಬಿಸಿಗೆ ಅದು ಬಾಗುತ್ತದೆ, ಜಾಯಿಂಟ್ ಬಿಡುತ್ತದೆ. ಬೇಡ.

ಪ್ರಶ್ನೆ: ಬೆಣ್ಣೆಹಳ್ಳ ತುಂಬಿದಾಗ ಸ್ನಾರ್ಕೆಲ್ ಇರುವ ಗಾಡಿ ದಾಟಬಹುದಲ್ವಾ?

ದಾಟಬಾರದು. ಹೊಸ ಥಾರ್‌ಗೆ ಕಂಪನಿ ಹೇಳುವ ಆಳ 650 ಮಿ.ಮೀ., ಸ್ನಾರ್ಕೆಲ್ ಜೊತೆಗೇ ಬರುವ ಗೂರ್ಖಾಗೆ 700 ಮಿ.ಮೀ. ಅದನ್ನು ಹರಿಯುವ ಹಳ್ಳಕ್ಕೆ ಹೇಳಿದ್ದು ಅಂದುಕೊಳ್ಳಬೇಡಿ. ಹರಿಯುವ ನೀರು ಅದಕ್ಕಿಂತ ಕಡಿಮೆ ಆಳದಲ್ಲೇ ಗಾಡಿಯನ್ನು ಪಕ್ಕಕ್ಕೆ ತಳ್ಳುತ್ತದೆ. ಆಗ ಸ್ನಾರ್ಕೆಲ್ ಏನು ಮಾಡೀತು? ಕೆಳಗಿನ ಜಾಯಿಂಟ್ ಬಿಗಿ ಇಲ್ಲದಿದ್ದರೆ ನೀರು ಅಲ್ಲಿಂದಲೇ ಒಳಗೆ. 2.5 ಲೀಟರ್ ಡೀಸೆಲ್‌ನಲ್ಲಿ ಪಿಸ್ಟನ್ ಮೇಲೆ ಬಂದಾಗ ಉಳಿಯುವ ಜಾಗ ಸಿಲಿಂಡರ್‌ಗೆ 40 ಮಿ.ಲೀ. ಆಸುಪಾಸು. ಅದಕ್ಕಿಂತ ಹೆಚ್ಚು ನೀರು ಹೊಕ್ಕರೆ ಕನೆಕ್ಟಿಂಗ್ ರಾಡ್ ಬಾಗುತ್ತದೆ. ನೀರಿನಲ್ಲಿ ಇಂಜಿನ್ ನಿಂತರೆ ದಯವಿಟ್ಟು ಸೆಲ್ಫ್ ಹೊಡೆಯಬೇಡಿ. ಎಳೆಸಿಕೊಂಡು ಬಂದು, ಗ್ಲೋ ಪ್ಲಗ್ ಅಥವಾ ಇಂಜೆಕ್ಟರ್ ಬಿಚ್ಚಿಸಿ, ಕೈಯಲ್ಲಿ ತಿರುಗಿಸಿ ನೀರು ತೆಗೆಸಿ.

ಪ್ರಶ್ನೆ: ಏರ್ ಬಾಕ್ಸ್ ಕೆಳಗಿನ ರಬ್ಬರ್ ಬಾಯಿ ಮುಚ್ಚಿಸಿದರೆ ಒಳ್ಳೆಯದಾ?

ಅಲ್ಲ. ಮಳೆ ನೀರು, ಹೊಟ್ಟು ಹೊರಗೆ ಹೋಗುವುದು ಅಲ್ಲಿಂದಲೇ. ಅದು ತಾನೇ ಮುಚ್ಚಿಕೊಳ್ಳುವಂತೆ ಮಾಡಿದ್ದು. ಗಟ್ಟಿಯಾಗಿದ್ದರೆ ಹೊಸದು ಹಾಕಿ.

ಪ್ರಶ್ನೆ: ಸ್ನಾರ್ಕೆಲ್‌ಗೆ ಆರ್‌ಟಿಒ, ಇನ್ಶೂರೆನ್ಸ್ ತೊಂದರೆ ಇದೆಯಾ?

1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ, ಆರ್‌ಸಿಯ ವಿವರ ಕಂಪನಿಯ ಮೂಲ ವಿವರಕ್ಕಿಂತ ಬೇರೆಯಾಗುವಂತೆ ಗಾಡಿ ಬದಲಿಸಬಾರದು. ಫೆಂಡರ್ ಕೊರೆಸುವ ಮೊದಲು ಧಾರವಾಡ ಅಥವಾ ಹುಬ್ಬಳ್ಳಿ ಆರ್‌ಟಿಒದಲ್ಲಿ ಕೇಳಿ. ಇಂಜಿನ್‌ಗೆ ನೀರು ಹೊಕ್ಕ ಹಾನಿ ಸಾಮಾನ್ಯ ಪಾಲಿಸಿಯಲ್ಲಿ ಬರುವುದಿಲ್ಲ, ಇಂಜಿನ್ ಪ್ರೊಟೆಕ್ಷನ್ ಬೇರೆಯಾಗಿ ತೆಗೆದುಕೊಳ್ಳಬೇಕು. ಸ್ನಾರ್ಕೆಲ್ ಹಾಕಿಸಿದರೂ ಅದು ನಡೆಯುತ್ತದೆಯೇ ಎಂದು ಕಂಪನಿಯಿಂದ ಬರಹದಲ್ಲಿ ಉತ್ತರ ತೆಗೆದುಕೊಳ್ಳಿ. ಏಜೆಂಟ್ ಫೋನಿನಲ್ಲಿ "ಏನೂ ಆಗಲ್ಲ ಸರ" ಅಂದದ್ದು ಕ್ಲೇಮ್ ಹೊತ್ತಿಗೆ ನಿಲ್ಲುವುದಿಲ್ಲ.