ಒಂಬತ್ತು ಮೆಟ್ಟಿಲು ಕೂರದ ದಸರಾ

(ಗುರುತು ತಿಳಿಯದಂತೆ ವಿವರಗಳನ್ನು ಬದಲಿಸಲಾಗಿದೆ.)

ದಸರಾ ರಜೆ ಮುಗಿದು ಶಾಲೆ ಮತ್ತೆ ಆರಂಭವಾದ ವಾರದಲ್ಲಿ, ಬೆಂಗಳೂರಿನ ಖಾಸಗಿ ಸಂಸ್ಥೆಯೊಂದರ ಲೆಕ್ಕಪತ್ರ ವಿಭಾಗದಲ್ಲಿ ದುಡಿಯುವ 38 ವರ್ಷದ ತಾಯಿಯೊಬ್ಬರು ಆಪ್ತಸಲಹೆಗೆ ಬಂದರು. ಮಗಳಿಗೆ ಒಂಬತ್ತು ವರ್ಷ, ಮಗನಿಗೆ ಐದು. ಮಗಳ ಕನ್ನಡ ನೋಟ್‌ಬುಕ್ಕನ್ನು ಅವರು ಜೊತೆಯಲ್ಲೇ ತಂದಿದ್ದರು. ರಜೆ ಕಳೆದ ಬಗೆಯನ್ನು ಕುರಿತ ಪ್ರಬಂಧದಲ್ಲಿ ಆ ಹುಡುಗಿ, ‘ನಮ್ಮ ಮನೆಯಲ್ಲಿ ಗೊಂಬೆ ತಡವಾಗಿ ಕೂರಿಸಿದೆವು. ಮೈಸೂರಿಗೆ ಹೋದೆವು, ಆನೆ ಕಾಣಲಿಲ್ಲ. ಅಮ್ಮ ಅತ್ತರು’ ಎಂದು ಬರೆದಿದ್ದಳು. “ದೊಡ್ಡವಳಾದ ಮೇಲೂ ಇವಳಿಗೆ ನೆನಪಿರೋದು ಇಷ್ಟೇ ಅಲ್ವಾ ಮೇಡಂ?” ಎಂದು ಅವರು ಕೇಳಿದರು.

ಅವರ ತವರು ಮೈಸೂರು. ಅಲ್ಲಿ ಒಂಬತ್ತು ಮೆಟ್ಟಿಲಿನ ಗೊಂಬೆ, ಸಂಜೆಗೊಂದು ಬಗೆಯ ಉಸಲಿ, “ಗೊಂಬೆ ಕೂರ್ಸಿದೀರಾ?” ಎಂದು ಮನೆಮನೆಗೆ ಬರುವ ಕೇರಿಯ ಮಕ್ಕಳು, ಇವೆಲ್ಲವನ್ನೂ ಕಂಡು ಬೆಳೆದವರು, ಈ ಸಲ ಅದನ್ನೇ ತಮ್ಮ ಮಕ್ಕಳಿಗೆ ತೋರಿಸಬೇಕೆಂದು ತಿಂಗಳ ಮೊದಲೇ ಪಟ್ಟಿ ಮಾಡಿದ್ದರು. ಆದರೆ ಅಟ್ಟದ ಮೇಲಿನ ಪೆಟ್ಟಿಗೆಗಳು ಕೆಳಗಿಳಿದದ್ದು ನವರಾತ್ರಿಯ ನಾಲ್ಕನೆಯ ದಿನ. ದಿನಸಿ ಅಂಗಡಿಯ ಶೆಟ್ಟಿ ಗೊಂಬೆಯನ್ನು ಮಗ ಕೈಜಾರಿ ಬೀಳಿಸಿದಾಗ ಅದರ ಕತ್ತು ಮುರಿಯಿತು. ತಾಯಿ ಅಕ್ಕಪಕ್ಕದವರಿಗೆ ಕೇಳುವಷ್ಟು ಜೋರಾಗಿ ಕೂಗಾಡಿದರು. ಪಾಸ್ ಪಡೆಯಲು ಮರೆತಿದ್ದರೂ ಮಾತು ಕೊಟ್ಟಾಗಿದೆಯೆಂದು ವಿಜಯದಶಮಿಯಂದು ಜಂಬೂಸವಾರಿಗೆ ಹೊರಟು, ಜನಜಂಗುಳಿಯಲ್ಲಿ ಅಂಬಾರಿಯ ತುದಿಯೂ ಕಾಣದೆ ಹಿಂದಿರುಗಿದರು.

ಮಾತುಕತೆಯಲ್ಲಿ ನಾನು ಮೊದಲು ಪರಿಶೀಲಿಸಿದ್ದು, ಈ ಅಸ್ತವ್ಯಸ್ತತೆ ಎಷ್ಟು ಹಳೆಯದು ಎಂಬುದನ್ನು. ಗಮನ ಕೊರತೆಯ ತೊಂದರೆ ವಯಸ್ಕರಲ್ಲೂ ಇರುತ್ತದೆ. ಅದರ ಲಕ್ಷಣಗಳು ಹನ್ನೆರಡು ವರ್ಷಕ್ಕೆ ಮುಂಚೆಯೇ ಕಾಣಿಸಿಕೊಂಡು, ಮನೆ, ಕಚೇರಿ ಎರಡರಲ್ಲೂ ತೊಡಕು ಮಾಡುತ್ತಿದ್ದರೆ ಮನೋವೈದ್ಯರ ಬಳಿ ಕಳಿಸಬೇಕಾಗುತ್ತದೆ. ಇವರ ವಿಷಯದಲ್ಲಿ ಹಾಗಿರಲಿಲ್ಲ. ಶಾಲೆಯಲ್ಲೂ ಕಚೇರಿಯಲ್ಲೂ ಅಚ್ಚುಕಟ್ಟಾದವರೇ. ಎರಡನೆಯ ಹೆರಿಗೆಯ ನಂತರ ನಿದ್ದೆ ಕಡಿಮೆಯಾಗಿ, ಕೆಲಸ ಹೆಚ್ಚಿ, ಮನೆಯ ಪ್ರತಿಯೊಂದು ನೆನಪಿನ ಹೊರೆಯೂ ಅವರ ತಲೆಯ ಮೇಲೇ ಬಿದ್ದಿತ್ತು. ಗಂಡ ಏನು ಮಾಡಿದರೆಂದು ಕೇಳಿದಾಗ, “ಅವರು ಕಾರ್ ಓಡಿಸಿದರು” ಎಂಬ ಉತ್ತರ ಬಂತು. ಇಂಥ ಪ್ರಕರಣಗಳಲ್ಲಿ ನಾವು ತಾಯಿಯ ಅಶಿಸ್ತಿನ ಬಗ್ಗೆ ಗಂಟೆಗಟ್ಟಲೆ ಮಾತನಾಡಿ, ತಂದೆಯನ್ನು ಕರೆಸುವುದನ್ನೇ ಮರೆಯುತ್ತೇವೆ ಎಂಬುದು ನನ್ನ ಅನಿಸಿಕೆ. ಮುಂದಿನ ಭೇಟಿಗೆ ಅವರೂ ಬರಬೇಕೆಂದು ಹೇಳಿಕಳಿಸಿದೆ.

ಆ ದಿನ ಮಗಳೊಡನೆ ಪ್ರತ್ಯೇಕವಾಗಿ ಮಾತನಾಡಿದೆ. ಪ್ರಬಂಧದಲ್ಲಿ ಬರೆಯದೆ ಬಿಟ್ಟದ್ದೇನಾದರೂ ಇದೆಯೇ ಎಂದು ಕೇಳಿದ್ದೇ ತಡ, ಶೆಟ್ಟಿಯ ಕತ್ತಿಗೆ ಅಮ್ಮ ಮತ್ತು ತಾನು ರಾತ್ರಿ ಗೋಂದು ಹಚ್ಚಿದ್ದು, ತಲೆ ಕೊಂಚ ಓರೆಯಾಗಿ ಅಂಟಿಕೊಂಡು ಶೆಟ್ಟಿ ಸದಾ ಶೆಟ್ಟಮ್ಮನ ಕಡೆಗೇ ನೋಡುವಂತಾದದ್ದು, ತಮ್ಮನು ಶೆಟ್ಟರ ಅಂಗಡಿಯ ಪುಟ್ಟ ಬಟ್ಟಲಿನ ತೊಗರಿಬೇಳೆಯನ್ನು ಸಾಲಕ್ಕೆ ಕೇಳಿದ್ದು, ಎಲ್ಲವನ್ನೂ ಉತ್ಸಾಹದಿಂದ ಹೇಳಿದಳು. ಆನೆ ಕಾಣದಿದ್ದುದರ ಬಗ್ಗೆ ಅವಳಿಗೆ ವಿಶೇಷ ದುಃಖವಿರಲಿಲ್ಲ. ಆದರೆ “ಅಮ್ಮ ಕೂಗಿದಾಗ ಭಯ ಆಗತ್ತೆ ಆಂಟಿ, ಆಮೇಲೆ ಏನೂ ಆಗಿಲ್ಲ ಅನ್ನೋ ಥರ ಇರ್ತಾರೆ” ಎಂದೂ ಹೇಳಿದಳು. ಎರಡೂ ಮಾತುಗಳನ್ನು ಅವಳ ಒಪ್ಪಿಗೆ ಪಡೆದು ತಾಯಿಗೆ ತಿಳಿಸಿದೆ. ಮೊದಲನೆಯದನ್ನು ಮಾತ್ರ ಹೇಳಿ ಸಮಾಧಾನಪಡಿಸಿದ್ದರೆ ಅದು ಸಲಹೆಯಾಗುತ್ತಿರಲಿಲ್ಲ.

ಕೊಟ್ಟ ಸಲಹೆಗಳಲ್ಲಿ ನಾನು ಹೆಚ್ಚು ಒತ್ತು ನೀಡಿದ್ದು ಕೂಗಾಟದ ನಂತರದ ನಡೆಗೆ. ಸಿಟ್ಟು ಬಂದ ದಿನವೇ, ಮಕ್ಕಳು ಮಲಗುವ ಮುನ್ನ, “ನಾನು ಕೂಗಿದ್ದು ತಪ್ಪು” ಎಂದಷ್ಟೇ ಹೇಳಬೇಕು; ಅದಕ್ಕೆ “ನೀನು ಹಾಗೆ ಮಾಡಿದ್ದಕ್ಕೇ” ಎಂಬ ಬಾಲ ಸೇರಿಸಿದರೆ ಕ್ಷಮೆ ಮತ್ತೆ ಆರೋಪವಾಗುತ್ತದೆ. ಮಾತು ಕೊಡುವುದರಲ್ಲೂ ಜಿಪುಣತನ ಇರಲಿ ಎಂದೆ: ಪಾಸೋ ಟಿಕೆಟ್ಟೋ ಕೈಗೆ ಬರುವವರೆಗೆ ಮಕ್ಕಳ ಮುಂದೆ ಪ್ರವಾಸದ ಸುದ್ದಿ ಎತ್ತಬಾರದು.

ಪಟ್ಟಿಯ ವಿಷಯದಲ್ಲಿ ಸಂಪ್ರದಾಯವೇ ಅವರಿಗೆ ಸಾಕಷ್ಟು ರಿಯಾಯಿತಿ ಕೊಟ್ಟಿತ್ತು. ಮೆಟ್ಟಿಲುಗಳ ಸಂಖ್ಯೆ ಬೆಸವಾಗಿದ್ದರಾಯಿತು, ಮೂರಾದರೂ ಸರಿ. ಸರಸ್ವತಿ ಪೂಜೆಯಿಂದ ವಿಜಯದಶಮಿಯವರೆಗೆ ಮಾತ್ರ ಕೂರಿಸುವ ಮನೆಗಳೂ ಇವೆ. ಪಟ್ಟದ ಗೊಂಬೆ, ಕಲಶ ಮತ್ತು ಮಕ್ಕಳೇ ಜೋಡಿಸುವ ಶೆಟ್ಟರ ಅಂಗಡಿ ಇಷ್ಟನ್ನು ಉಳಿಸಿಕೊಂಡು ಮಿಕ್ಕದ್ದನ್ನು ಬಿಡಲು ಅವರು ಒಪ್ಪಿದರು. ಪೆಟ್ಟಿಗೆ ಇಳಿಸುವುದು, ಸಾಮಾನು ತರುವುದು, ಪಾಸಿನ ವಿಚಾರಣೆ, ಈ ಮೂರೂ ತಂದೆಯ ಪಾಲಿಗೆ ಬಂದವು. ಹೆಂಡತಿ ನೆನಪಿಸದೆಯೇ ಮಾಡಬೇಕು ಎಂಬ ಷರತ್ತನ್ನು ನಾನೇ ಸೇರಿಸಿದೆ, ಏಕೆಂದರೆ ನೆನಪಿಸುವುದೂ ಕೆಲಸವೇ.

ನೆನಪಿನ ಬಗ್ಗೆ ಅವರ ಆತಂಕಕ್ಕೆ ಉತ್ತರಿಸಬೇಕಿತ್ತು. ಅಮೆರಿಕದ ಮನಶ್ಶಾಸ್ತ್ರಜ್ಞೆ ರಾಬಿನ್ ಫಿವುಶ್ ಮತ್ತು ಅವರ ಸಹೋದ್ಯೋಗಿಗಳ ಅಧ್ಯಯನಗಳು ತೋರಿಸಿರುವಂತೆ, ನಡೆದದ್ದನ್ನು ಮಕ್ಕಳೊಡನೆ ವಿವರವಾಗಿ, ಮುಕ್ತ ಪ್ರಶ್ನೆಗಳ ಮೂಲಕ ಮೆಲುಕು ಹಾಕುವ ತಾಯಂದಿರ ಮಕ್ಕಳು ಮುಂದೆ ತಮ್ಮ ಅನುಭವಗಳನ್ನು ಹೆಚ್ಚು ಸಮಗ್ರವಾಗಿ ಹೇಳಬಲ್ಲರು. ಹಾಗಾಗಿ ಮಲಗುವ ಹೊತ್ತಿನಲ್ಲಿ “ಮೈಸೂರಲ್ಲಿ ಏನೇನಾಯ್ತು ಹೇಳು” ಎಂದು ಕೇಳಿ, ಮಗು ಹೇಳಿದ್ದಕ್ಕೆ ತಮ್ಮದೊಂದು ವಿವರ ಸೇರಿಸಲು ಸೂಚಿಸಿದೆ. ಆನೆ ಕಾಣದ ಕತೆಯನ್ನೂ ಮುಚ್ಚಿಡಬೇಕಿಲ್ಲ, ಅದು ತಿದ್ದಬೇಕಾದ ಉತ್ತರವೂ ಅಲ್ಲ.

ಸಂಕ್ರಾಂತಿಯ ನಂತರ ದಂಪತಿ ಮತ್ತೆ ಬಂದರು. ಎಳ್ಳುಬೆಲ್ಲವನ್ನು ಅಂಗಡಿಯಿಂದಲೇ ತಂದು, ಕೊಬ್ಬರಿ ಹೆಚ್ಚುವುದನ್ನು ಮಾತ್ರ ಮನೆಯಲ್ಲಿ ಇಟ್ಟುಕೊಂಡಿದ್ದರಂತೆ. ಬೀರಲು ಹೊರಡುವಾಗ ಕತ್ತಲಾಗಿತ್ತು, ತಾಯಿ ಒಮ್ಮೆ ಕೂಗಿದ್ದರು, ಅಂದೇ ರಾತ್ರಿ ಕ್ಷಮೆಯನ್ನೂ ಕೇಳಿದ್ದರು. ಸಕ್ಕರೆ ಅಚ್ಚು ತರುವುದನ್ನು ತಂದೆ ಮರೆತಿದ್ದರು. ಹೆಂಡತಿ ನೆನಪಿಸಿರಲಿಲ್ಲ, ಅಚ್ಚಿಲ್ಲದೆಯೇ ಹಬ್ಬ ನಡೆಯಿತು. ನಿದ್ದೆಯ ಕೊರತೆ ಇನ್ನೂ ಹಾಗೆಯೇ ಇರುವುದರಿಂದ, ಬೇಸಿಗೆ ರಜೆಯ ಯೋಜನೆಗೆ ಕೈಹಾಕುವ ಮುನ್ನ ವಾರದ ಎರಡು ದಿನ ಬೆಳಗಿನ ಮಕ್ಕಳ ಜವಾಬ್ದಾರಿಯನ್ನು ತಂದೆ ಪೂರ್ತಿಯಾಗಿ ವಹಿಸಿಕೊಳ್ಳಬೇಕೆಂದು ಹೇಳಿ, ಮಾರ್ಚ್‌ನಲ್ಲಿ ಬರಲು ತಿಳಿಸಿದ್ದೇನೆ.